ಪ್ರೊ. ವಿ. ರಾಧಾಕೃಷ್ಣನ್: ನಾಡಿನ ರೇಡಿಯೋ ಖಗೋಳ ವಿಜ್ಞಾನದ ಹಿರಿಯ ಚೇತನ

ಕರ್ನಾಟಕವು ವಿಜ್ಞಾನ ಮತ್ತು ತಂತ್ರಜ್ಞಾನ ಕ್ಷೇತ್ರಕ್ಕೆ ನೀಡಿರುವ ಕೊಡುಗೆ ಅಪಾರವಾದುದು. ಬೆಂಗಳೂರಿನ ಸುತ್ತಲೂ ಬೆಳೆದು ನಿಂತಿರುವ ಪೀಣ್ಯ ಕೈಗಾರಿಕಾ ಪ್ರದೇಶ, ಎಲೆಕ್ಟ್ರಾನಿಕ್ ಸಿಟಿ ಹಾಗೂ ವೈಟ್‌ಫೀಲ್ಡ್ ಇಂದು ವಿಶ್ವದಾದ್ಯಂತ ಹೆಸರಾಗಿವೆ. ಆದರೆ ಇದೇ ನಗರದಲ್ಲಿ, ಉದ್ಯಮದ ಲಾಭ ನಷ್ಟಗಳ ಲೆಕ್ಕಕ್ಕೆ ಸಿಗದ ಮತ್ತೊಂದು ಬಗೆಯ ಸಾಧನೆಯೂ ನಡೆದಿದೆ. ಆಕಾಶದ ಅನಿಲ ಮೇಘಗಳಿಂದ ಹೊರಡುವ ಅತ್ಯಂತ ಕ್ಷೀಣವಾದ ರೇಡಿಯೋ ಅಲೆಗಳನ್ನು ಹಿಡಿದು, ನಕ್ಷತ್ರಗಳು ಹುಟ್ಟುವ ಬಗೆಯನ್ನು ಅರಿಯುವ ಪ್ರಯತ್ನವೇ ಅದು. ಈ ಕಾರ್ಯಕ್ಕೆ ನಾಡಿನಲ್ಲಿ ಭದ್ರವಾದ ಅಡಿಪಾಯ ಹಾಕಿದವರಲ್ಲಿ ಪ್ರೊ. ವೆಂಕಟರಾಮನ್ ರಾಧಾಕೃಷ್ಣನ್ ಅವರು ಅಗ್ರಗಣ್ಯರು. ಅವರ ಜೀವನ ಮತ್ತು ಸಾಧನೆಯ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ, ಅದರಲ್ಲೂ ವಿದ್ಯಾರ್ಥಿಗಳ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ರಾಧಾಕೃಷ್ಣನ್ ಅವರು 1929ರ ಮೇ 18ರಂದು ಮದ್ರಾಸಿನಲ್ಲಿ ಜನಿಸಿದರು. ತಂದೆ ಸರ್ ಸಿ. ವಿ. ರಾಮನ್, ತಾಯಿ ಲೋಕಸುಂದರಿ. ಮಗ ಹುಟ್ಟಿದ ಮರು ವರ್ಷವೇ, ಅಂದರೆ 1930ರಲ್ಲಿ, ತಂದೆಯವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. 1933ರಲ್ಲಿ ರಾಮನ್ ಅವರು ಕಲ್ಕತ್ತೆಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಹೀಗೆ ಬೆಂಗಳೂರು ಈ ಕುಟುಂಬದ ಊರಾಯಿತು. ನಕ್ಷತ್ರಗಳ ಅಂತ್ಯಸ್ಥಿತಿಯ ಕುರಿತ ಅಧ್ಯಯನಕ್ಕಾಗಿ 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು ಇವರ ದೊಡ್ಡಪ್ಪನ ಮಗ.

ರಾಧಾಕೃಷ್ಣನ್ ಅವರು ಮೈಸೂರು ವಿಶ್ವವಿದ್ಯಾನಿಲಯದಿಂದ ಬಿ.ಎಸ್‌ಸಿ. ಆನರ್ಸ್ ಪದವಿ ಪಡೆದರು. 1950-51ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದರು. ಆದರೆ ಅವರು ಡಾಕ್ಟರೇಟ್ ಪದವಿಗಾಗಿ ಪ್ರಬಂಧ ಸಲ್ಲಿಸಲಿಲ್ಲ. ಮುಂದೆ ಹಲವರಿಗೆ ಡಾಕ್ಟರೇಟ್ ಪದವಿಯ ಹಾದಿ ತೋರಿದ ಸಂಸ್ಥೆಯನ್ನು ಕಟ್ಟಿದ ಈ ವಿಜ್ಞಾನಿಗೆ ಆ ಪದವಿ ಲಭಿಸಿದ್ದು ಗೌರವ ಪುರಸ್ಕಾರವಾಗಿ, ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾನಿಲಯದಿಂದ. ಪ್ರಮಾಣಪತ್ರಕ್ಕಿಂತ ಕೈಯಲ್ಲಿರುವ ಕೆಲಸವೇ ಮುಖ್ಯವೆಂಬುದಕ್ಕೆ ಅವರ ಜೀವನ ಒಂದು ನಿದರ್ಶನ.

ವಿದೇಶಗಳಲ್ಲಿ ಸಂಶೋಧನೆ

1955ರಿಂದ 1958ರವರೆಗೆ ಅವರು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನಾ ಸಹಾಯಕರಾಗಿ ಕಾರ್ಯನಿರ್ವಹಿಸಿದರು. ಎರಡನೆಯ ಮಹಾಯುದ್ಧದ ರೇಡಾರ್ ತಂತ್ರಜ್ಞಾನದಿಂದ ಬೆಳೆದು ಬಂದ ರೇಡಿಯೋ ಖಗೋಳ ವಿಜ್ಞಾನ ಆಗಿನ್ನೂ ಎಳವೆಯಲ್ಲಿತ್ತು. ಸಿದ್ಧ ಉಪಕರಣಗಳು ದೊರೆಯದಿದ್ದ ಆ ಕಾಲದಲ್ಲಿ ಗ್ರಾಹಕ ಯಂತ್ರಗಳನ್ನು ಸ್ವತಃ ರೂಪಿಸುವ ಕೌಶಲವನ್ನು ಅವರು ಅಲ್ಲಿ ಗಳಿಸಿಕೊಂಡರು.

ಅನಂತರ ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯನ್ನು ಸೇರಿದರು. ಅಲ್ಲಿನ ಓವೆನ್ಸ್ ಕಣಿವೆಯ ಜೋಡಿ ಆಂಟೆನಾಗಳ ನೆರವಿನಿಂದ, ಸಹೋದ್ಯೋಗಿ ಜೇಮ್ಸ್ ರಾಬರ್ಟ್ಸ್ ಅವರೊಡನೆ ಗುರು ಗ್ರಹದ ರೇಡಿಯೋ ಹೊರಸೂಸುವಿಕೆಯನ್ನು ಅಳೆದರು. ಆ ಅಲೆಗಳು ಗ್ರಹದ ಬಿಂಬದಿಂದಷ್ಟೇ ಅಲ್ಲದೆ ಅದಕ್ಕಿಂತ ಸುಮಾರು ಮೂರು ಪಟ್ಟು ಅಗಲವಾದ ಪ್ರದೇಶದಿಂದ ಬರುತ್ತಿವೆ ಎಂಬುದೂ, ಅವು ಧ್ರುವೀಕರಣ ಹೊಂದಿವೆ ಎಂಬುದೂ 1960ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ತಿಳಿದುಬಂದಿತು. ಭೂಮಿಯ ಸುತ್ತ ಇರುವಂತೆ ಗುರುವಿನ ಸುತ್ತಲೂ ವಿಕಿರಣ ಪಟ್ಟಿಗಳಿವೆ ಎಂಬುದಕ್ಕೆ ಇದು ಪ್ರಬಲ ಸಾಕ್ಷ್ಯವಾಯಿತು. ಬಾಹ್ಯಾಕಾಶ ನೌಕೆಗಳು ಗುರುವಿನ ಸಮೀಪ ತಲುಪುವುದಕ್ಕೆ ಹತ್ತು ವರ್ಷಗಳಿಗೂ ಮೊದಲು ಭೂಮಿಯಿಂದಲೇ ಈ ಸಂಗತಿಯನ್ನು ಅರಿಯಲಾಗಿತ್ತು.

1960ರ ದಶಕದ ಮಧ್ಯಭಾಗದಲ್ಲಿ ಅವರು ಹಾಯಿದೋಣಿಯಲ್ಲಿ ಸಾಗರಯಾನ ಮಾಡಿ ಆಸ್ಟ್ರೇಲಿಯಾ ತಲುಪಿದರು. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ರೇಡಿಯೋ ಭೌತವಿಜ್ಞಾನ ವಿಭಾಗದಲ್ಲಿ ಹಿರಿಯ ವಿಜ್ಞಾನಿಯಾಗಿ ಪಾರ್ಕ್ಸ್‌ನ 64 ಮೀಟರ್ ವ್ಯಾಸದ ದೂರದರ್ಶಕವನ್ನು ಬಳಸಿದರು. ಅವರ ಜೀವಮಾನದ ಅತ್ಯಂತ ಪ್ರಸಿದ್ಧ ಶೋಧನೆಗಳು ಇಲ್ಲಿಯೇ ನಡೆದವು.

ಪಲ್ಸಾರ್‌ಗಳ ಅಧ್ಯಯನ

1967ರಲ್ಲಿ ಪಲ್ಸಾರ್‌ಗಳೆಂಬ ಮಿಡಿಯುವ ರೇಡಿಯೋ ಆಕರಗಳು ಪತ್ತೆಯಾದಾಗ ಅವುಗಳ ಸ್ವರೂಪ ವಿಜ್ಞಾನಿಗಳಿಗೆ ಒಗಟಾಗಿತ್ತು. ವೇಲಾ ನಕ್ಷತ್ರಪುಂಜದಲ್ಲಿರುವ ಪಲ್ಸಾರ್ ಒಂದು ಸೆಕೆಂಡಿಗೆ ಸುಮಾರು 11 ಬಾರಿ ಮಿಡಿಯುತ್ತದೆ. ರಾಧಾಕೃಷ್ಣನ್ ಮತ್ತು ಡೇವಿಡ್ ಕುಕ್ ಅವರು ಈ ಪಲ್ಸಾರ್‌ನ ಪ್ರತಿಯೊಂದು ಮಿಡಿತದ ಅವಧಿಯಲ್ಲಿ ಅಲೆಗಳ ಧ್ರುವೀಕರಣದ ದಿಕ್ಕು ಕ್ರಮಬದ್ಧವಾಗಿ ತಿರುಗುವುದನ್ನು ಗಮನಿಸಿದರು. ತಿರುಗುತ್ತಿರುವ ನ್ಯೂಟ್ರಾನ್ ನಕ್ಷತ್ರದ ಕಾಂತಧ್ರುವದಿಂದ ಅಲೆಗಳ ದೂಲವೊಂದು ಹೊರಟು, ದೀಪಸ್ತಂಭದ ಬೆಳಕಿನಂತೆ ನಮ್ಮ ಕಡೆಗೆ ಹಾದುಹೋಗುತ್ತದೆ ಎಂದು ಅವರು 1969ರಲ್ಲಿ ಇದಕ್ಕೆ ವಿವರಣೆ ನೀಡಿದರು. ಪಲ್ಸಾರ್‌ಗಳನ್ನು ಅಧ್ಯಯನ ಮಾಡುವವರು ಈ ವಿವರಣೆಯನ್ನು ಇಂದಿಗೂ ಆಧಾರವಾಗಿ ಬಳಸುತ್ತಾರೆ.

ಅದೇ ವರ್ಷ ರಾಧಾಕೃಷ್ಣನ್ ಮತ್ತು ರಿಚರ್ಡ್ ಮ್ಯಾಂಚೆಸ್ಟರ್ ಅವರು ವೇಲಾ ಪಲ್ಸಾರ್‌ನ ಅವಧಿ ಹತ್ತು ಲಕ್ಷದಲ್ಲಿ ಸುಮಾರು ಎರಡು ಭಾಗದಷ್ಟು ಹಠಾತ್ತನೆ ಕಡಿಮೆಯಾದುದನ್ನು ಕಂಡುಹಿಡಿದರು. ಅಮೆರಿಕದ ಮತ್ತೊಂದು ತಂಡವೂ ಸ್ವತಂತ್ರವಾಗಿ ಇದನ್ನು ಗುರುತಿಸಿತು. ಕ್ರಮೇಣ ನಿಧಾನವಾಗಬೇಕಾದ ನಕ್ಷತ್ರವು ಥಟ್ಟನೆ ವೇಗ ಪಡೆಯುವ ಈ ವಿದ್ಯಮಾನವು ನ್ಯೂಟ್ರಾನ್ ನಕ್ಷತ್ರಗಳ ಒಳರಚನೆಯನ್ನು ತಿಳಿಯಲು ಹೊಸ ದಾರಿಯನ್ನು ತೆರೆಯಿತು.

ಇದಲ್ಲದೆ 21 ಸೆಂಟಿಮೀಟರ್ ಅಲೆಯುದ್ದದಲ್ಲಿ ಹೈಡ್ರೋಜನ್ ಪರಮಾಣುಗಳು ಸೂಸುವ ಮತ್ತು ಹೀರುವ ಅಲೆಗಳ ವಿಸ್ತೃತ ಸಮೀಕ್ಷೆಯನ್ನು ಅವರ ತಂಡ ನಡೆಸಿ, 1972ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿತು. ನಕ್ಷತ್ರಗಳ ನಡುವಿನ ಅವಕಾಶದಲ್ಲಿ ತಣ್ಣನೆಯ ದಟ್ಟ ಮೇಘಗಳೂ, ಅವುಗಳ ನಡುವೆ ಹರಡಿರುವ ಬೆಚ್ಚನೆಯ ವಿರಳ ಅನಿಲವೂ ಇವೆ ಎಂಬ ತಿಳಿವಳಿಕೆ ಈ ಬಗೆಯ ಅಧ್ಯಯನಗಳಿಂದ ಸ್ಪಷ್ಟವಾಯಿತು.

ಬೆಂಗಳೂರಿಗೆ ಮರಳಿಕೆ

ಸರ್ ಸಿ. ವಿ. ರಾಮನ್ ಅವರು ಮೈಸೂರು ಮಹಾರಾಜರು ನೀಡಿದ್ದ ಜಮೀನಿನಲ್ಲಿ 1948ರಲ್ಲಿ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದ್ದರು. ಸರ್ಕಾರದ ಅನುದಾನದ ಜೊತೆಗೆ ಸರ್ಕಾರದ ಹಿಡಿತವೂ ಬರುತ್ತದೆ ಎಂಬ ಅಳುಕು ಅವರಿಗಿತ್ತು. ಆದುದರಿಂದ ಸಂಸ್ಥೆಯನ್ನು ಖಾಸಗಿ ದೇಣಿಗೆ ಹಾಗೂ ಸ್ವಂತ ಸಂಪನ್ಮೂಲಗಳಿಂದಲೇ ನಡೆಸಲು ಶ್ರಮಿಸಿದರು. 1970ರ ನವೆಂಬರ್ 21ರಂದು ಅವರು ನಿಧನರಾದಾಗ ಸಂಸ್ಥೆಯ ಮುಂದಿನ ಹಾದಿಯ ಪ್ರಶ್ನೆ ಎದುರಾಯಿತು. ಏಕವ್ಯಕ್ತಿಯ ಪ್ರತಿಭೆಯನ್ನು ಆಧರಿಸಿದ್ದ ಸಂಸ್ಥೆಯು ಆ ವ್ಯಕ್ತಿಯಿಲ್ಲದೆ ಉಳಿಯಬೇಕಾದರೆ ಸ್ಥಿರವಾದ ಆದಾಯ ಅಗತ್ಯವಾಗಿತ್ತು. ಆದರೆ ಆ ಆದಾಯಕ್ಕಾಗಿ ಸಂಸ್ಥಾಪಕರು ಬಯಸಿದ್ದ ಸ್ವಾತಂತ್ರ್ಯವನ್ನು ತೆರುವಂತೆಯೂ ಇರಲಿಲ್ಲ.

1972ರಲ್ಲಿ ಸಂಸ್ಥೆಯನ್ನು ಪುನರ್ರಚಿಸಿ, ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅನುದಾನ ಪಡೆಯುವ ಸ್ವಾಯತ್ತ ಸಂಸ್ಥೆಯನ್ನಾಗಿ ಮಾಡಲಾಯಿತು. ಅದೇ ವರ್ಷ ರಾಧಾಕೃಷ್ಣನ್ ಅವರು ಆಸ್ಟ್ರೇಲಿಯಾದಿಂದ ಮರಳಿ ನಿರ್ದೇಶಕರ ಹುದ್ದೆಯನ್ನು ವಹಿಸಿಕೊಂಡರು. 1994ರವರೆಗೆ, ಅಂದರೆ 22 ವರ್ಷಗಳ ಕಾಲ, ಈ ಹೊಣೆಯನ್ನು ನಿರ್ವಹಿಸಿದರು. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಯು ಅದರ ಲೆಕ್ಕವನ್ನು ಒಪ್ಪಿಸುತ್ತಲೇ ತನ್ನ ಪ್ರಶ್ನೆಗಳನ್ನು ತಾನೇ ಆಯ್ದುಕೊಳ್ಳಬಹುದು ಎಂಬುದನ್ನು ಅವರ ಆಡಳಿತಾವಧಿ ತೋರಿಸಿಕೊಟ್ಟಿತು. ಖಗೋಳ ಭೌತವಿಜ್ಞಾನ ಮತ್ತು ದ್ರವ ಹರಳುಗಳ ಅಧ್ಯಯನ ಸಂಸ್ಥೆಯ ಪ್ರಮುಖ ಕ್ಷೇತ್ರಗಳಾಗಿ ಬೆಳೆದವು.

ಆ ವರ್ಷಗಳು ಬೆಂಗಳೂರಿನ ಬದಲಾವಣೆಯ ವರ್ಷಗಳೂ ಆಗಿದ್ದವು. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಉಡುಪಿ ಸಮೀಪದ ಅದಮಾರಿನವರಾದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಉಡಾವಣೆಗೊಂಡಿತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ನಗರದ ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಯಂತ್ರೋಪಕರಣ ಮತ್ತು ಎಲೆಕ್ಟ್ರಾನಿಕ್ಸ್ ಕೈಕಸುಬು ಊರಿನಲ್ಲಿ ಬೇರೂರುತ್ತಿದ್ದ ಈ ಹೊತ್ತಿನಲ್ಲಿ ರಾಧಾಕೃಷ್ಣನ್ ಅವರು ದೂರದರ್ಶಕಗಳನ್ನು ಕೊಂಡುತರುವ ಬದಲು ಇಲ್ಲಿಯೇ ನಿರ್ಮಿಸುವ ನಿರ್ಧಾರ ಕೈಗೊಂಡರು.

ಗೌರಿಬಿದನೂರಿನ ದೂರದರ್ಶಕ

ಮೊದಲ ದೊಡ್ಡ ಪ್ರಯತ್ನ ನಡೆದದ್ದು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ. ನಗರದ ರೇಡಿಯೋ ಗದ್ದಲದಿಂದ ದೂರವಿದ್ದ ಈ ಬಯಲಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗಳು ಜಂಟಿಯಾಗಿ 1970ರ ದಶಕದಲ್ಲಿ ದೂರದರ್ಶಕವನ್ನು ನಿರ್ಮಿಸಿದವು. ಸಾವಿರ ದ್ವಿಧ್ರುವ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಜೋಡಿಸಿದ ಈ ವ್ಯವಸ್ಥೆಯ ಪೂರ್ವ ಪಶ್ಚಿಮ ತೋಳು ಸುಮಾರು 1.4 ಕಿಲೋಮೀಟರ್ ಉದ್ದವಿದೆ. 34.5 ಮೆಗಾಹರ್ಟ್ಸ್ ಆವರ್ತಾಂಕದಲ್ಲಿ ಇದು ಆಕಾಶದ ವಿಶಾಲ ಭಾಗದ ನಕ್ಷೆಯನ್ನು ನೀಡಿತು. ತಂತಿ ಮತ್ತು ಕಂಬಗಳಿಂದ ಮಿತವ್ಯಯದಲ್ಲಿಯೂ ಉತ್ತಮ ವಿಜ್ಞಾನ ಸಾಧ್ಯವೆಂಬುದು ಇದರಿಂದ ಮನವರಿಕೆಯಾಯಿತು.

ಸಂಸ್ಥೆಯ ಅಂಗಳದ 10.4 ಮೀಟರ್ ದೂರದರ್ಶಕ

ಎರಡನೆಯ ಪ್ರಯತ್ನ ಇದಕ್ಕಿಂತ ಕಠಿಣವಾಗಿತ್ತು. ನಕ್ಷತ್ರಗಳು ಹುಟ್ಟುವುದು ಹೈಡ್ರೋಜನ್ ಅಣುಗಳ ತಣ್ಣನೆಯ, ದಟ್ಟ ಮೇಘಗಳಲ್ಲಿ. ಸೊನ್ನೆಗಿಂತ ಸುಮಾರು 260 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲಿ ಹೈಡ್ರೋಜನ್ ಅಣುವು ರೇಡಿಯೋ ಅಲೆಗಳನ್ನು ಸೂಸುವುದಿಲ್ಲ. ಆದುದರಿಂದ ಮೇಘದ ಬಹುಪಾಲು ವಸ್ತು ನಮಗೆ ನೇರವಾಗಿ ಕಾಣುವುದಿಲ್ಲ. ಆದರೆ ಅದರೊಡನೆ ಅಲ್ಪ ಪ್ರಮಾಣದಲ್ಲಿ ಬೆರೆತಿರುವ ಕಾರ್ಬನ್ ಮಾನಾಕ್ಸೈಡ್ ಅಣುಗಳು 2.6 ಮಿಲಿಮೀಟರ್ ಅಲೆಯುದ್ದದಲ್ಲಿ, ಅಂದರೆ 115 ಗಿಗಾಹರ್ಟ್ಸ್ ಆವರ್ತಾಂಕದಲ್ಲಿ, ಅಲೆಗಳನ್ನು ಸೂಸುತ್ತವೆ. 1970ರಲ್ಲಿ ಅಮೆರಿಕದಲ್ಲಿ ಇದು ಮೊದಲಿಗೆ ಪತ್ತೆಯಾಯಿತು. ಕಾಣದ ಹೈಡ್ರೋಜನ್‌ನ ಪ್ರಮಾಣವನ್ನು ಈ ಗುರುತಿನ ಅಣುವಿನಿಂದ ಅಂದಾಜು ಮಾಡುವ ವಿಧಾನ ಅಂದಿನಿಂದ ಬಳಕೆಗೆ ಬಂದಿತು.

ಇಷ್ಟು ಕಿರಿದಾದ ಅಲೆಗಳನ್ನು ಹಿಡಿಯಲು ದೂರದರ್ಶಕದ ಮೇಲ್ಮೈ ಅಲೆಯುದ್ದದ ಇಪ್ಪತ್ತನೆಯ ಒಂದು ಭಾಗದಷ್ಟು, ಅಂದರೆ ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು, ನಿಖರವಾಗಿರಬೇಕು. ಮನೆಯೊಂದರಷ್ಟು ಅಗಲದ ಬೋಗುಣಿಯ ಎಲ್ಲ ಕಡೆಯೂ ಈ ನಿಖರತೆ ಇರಬೇಕು. ಅದು ಗಾಳಿಗೆ, ಬಿಸಿಲಿಗೆ ಹಾಗೂ ತನ್ನದೇ ಭಾರಕ್ಕೆ ರೂಪಗೆಡಬಾರದು. ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ರಾಬರ್ಟ್ ಲೇಟನ್ ಅವರು ಷಟ್ಕೋನಾಕಾರದ ಹಗುರ ಅಲ್ಯೂಮಿನಿಯಂ ಫಲಕಗಳನ್ನು ಜೋಡಿಸಿ ಇಂತಹ ಬೋಗುಣಿಯನ್ನು ನಿರ್ಮಿಸುವ ವಿನ್ಯಾಸವನ್ನು ರೂಪಿಸಿದ್ದರು. ಆ ಮಾದರಿಯನ್ನು ಅನುಸರಿಸಿ 10.4 ಮೀಟರ್ ವ್ಯಾಸದ ದೂರದರ್ಶಕವನ್ನು 1980ರ ದಶಕದಲ್ಲಿ ಬೆಂಗಳೂರಿನ ಸಂಸ್ಥೆಯ ಆವರಣದಲ್ಲಿಯೇ ನಿರ್ಮಿಸಲಾಯಿತು.

ಈ ಸ್ಥಳದ ಮಿತಿಗಳೇನು ಎಂಬುದು ಎಲ್ಲರಿಗೂ ತಿಳಿದಿತ್ತು. ಗಾಳಿಯಲ್ಲಿರುವ ನೀರಾವಿ ಮಿಲಿಮೀಟರ್ ಅಲೆಗಳನ್ನು ಹೀರುತ್ತದೆ. ಆದುದರಿಂದ ಇಂತಹ ದೂರದರ್ಶಕಗಳಿಗೆ ಎತ್ತರದ ಒಣ ಪರ್ವತಗಳೇ ಸೂಕ್ತ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೆ ತುಸು ಹೆಚ್ಚು ಎತ್ತರದಲ್ಲಿದ್ದು, ಮುಂಗಾರಿನ ತಿಂಗಳುಗಳಲ್ಲಿ ಆಕಾಶ ಈ ಅಲೆಗಳಿಗೆ ಬಹುಮಟ್ಟಿಗೆ ಮುಚ್ಚಿದಂತೆಯೇ ಸರಿ. ಚಳಿಗಾಲದ ಒಣ ದಿನಗಳೇ ವೀಕ್ಷಣೆಗೆ ಅನುಕೂಲ. ಆದರೆ ನಗರಕ್ಕೆ ಒಂದು ಅನುಕೂಲವೂ ಇತ್ತು. 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಿಂದ, ಯೂರೋಪಿನ ದೂರದರ್ಶಕಗಳಿಗೆ ದಿಗಂತದಂಚಿನಲ್ಲಿಯೂ ಸರಿಯಾಗಿ ಕಾಣದ ದಕ್ಷಿಣ ಆಕಾಶದ ಭಾಗಗಳು ಸಾಕಷ್ಟು ಎತ್ತರದಲ್ಲಿ ಗೋಚರಿಸುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಕಾರ್ಯಾಗಾರದ ಪಕ್ಕದಲ್ಲಿಯೇ ದೂರದರ್ಶಕವಿದ್ದರೆ ವಿದ್ಯಾರ್ಥಿಗಳೂ ತಂತ್ರಜ್ಞರೂ ಅದನ್ನು ಬಿಚ್ಚಿ, ಜೋಡಿಸಿ, ತಿದ್ದಿ ಕಲಿಯಬಹುದಾಗಿತ್ತು.

ಈ ದೂರದರ್ಶಕದಿಂದ ವಯಸ್ಸಾದ ನಕ್ಷತ್ರಗಳ ಸುತ್ತಲಿನ ಸಿಲಿಕಾನ್ ಮಾನಾಕ್ಸೈಡ್ ಅಣುಗಳ ಪ್ರಬಲ ಹೊರಸೂಸುವಿಕೆಯನ್ನು ಅಧ್ಯಯನ ಮಾಡಲಾಯಿತು. ವೇಲಾ ಪಲ್ಸಾರ್ ಇರುವ ದಿಕ್ಕಿನಲ್ಲಿಯೇ ಗಮ್ ನೀಹಾರಿಕೆ ಎಂಬ ವಿಶಾಲ ಅನಿಲರಾಶಿಯಿದೆ. ಅದರಲ್ಲಿ ಧೂಮಕೇತುವಿನಂತೆ ತಲೆ ಮತ್ತು ಬಾಲವುಳ್ಳ ಸುಮಾರು 30 ಪುಟ್ಟ ಮೇಘಗಳಿವೆ. ಅವುಗಳ ಬಾಲಗಳೆಲ್ಲವೂ ಒಂದು ಕೇಂದ್ರಕ್ಕೆ ವಿಮುಖವಾಗಿವೆ. ಈ ಮೇಘಗಳಲ್ಲಿನ ಕಾರ್ಬನ್ ಮಾನಾಕ್ಸೈಡ್ ಅಲೆಗಳನ್ನು ಬೆಂಗಳೂರಿನಿಂದ ಅಳೆದಾಗ, ಅವು ಸೆಕೆಂಡಿಗೆ ಸುಮಾರು 12 ಕಿಲೋಮೀಟರ್ ವೇಗದಲ್ಲಿ ಆ ಕೇಂದ್ರದಿಂದ ಹೊರಕ್ಕೆ ಸಾಗುತ್ತಿರುವುದು ತಿಳಿದುಬಂದಿತು. 1992ರಲ್ಲಿ ಪ್ರಕಟವಾದ ಈ ಫಲಿತಾಂಶವು ದೂರದರ್ಶಕದ ಸಾರ್ಥಕತೆಗೆ ಸಾಕ್ಷಿಯಾಗಿದೆ. ಇಂತಹ ಮೇಘಗಳಲ್ಲಿ ಕೆಲವುಗಳ ತಲೆಯ ಭಾಗದಲ್ಲಿ ಎಳೆಯ ನಕ್ಷತ್ರಗಳು ಕಂಡುಬಂದಿವೆ.

ದೂರದ ಗ್ಯಾಲಕ್ಸಿಗಳ ದಟ್ಟ ಅನಿಲ

ನಮ್ಮ ಕ್ಷೀರಪಥದ ಮೇಘಗಳಲ್ಲಿ ಅನ್ವಯವಾಗುವ ಇದೇ ವಿಧಾನ ದೂರದ ಗ್ಯಾಲಕ್ಸಿಗಳಿಗೂ ಅನ್ವಯಿಸುತ್ತದೆ. ಕ್ಷೀರಪಥದಲ್ಲಿ ವರ್ಷವೊಂದಕ್ಕೆ ಒಂದೆರಡು ಸೂರ್ಯರಷ್ಟು ವಸ್ತು ನಕ್ಷತ್ರಗಳಾಗಿ ರೂಪುಗೊಳ್ಳುತ್ತದೆ. ಕೆಲವು ಗ್ಯಾಲಕ್ಸಿಗಳಲ್ಲಿ ಇದರ ನೂರು ಪಟ್ಟಿಗೂ ಮಿಗಿಲಾದ ವೇಗದಲ್ಲಿ ನಕ್ಷತ್ರಗಳು ಹುಟ್ಟುತ್ತಿವೆ. ಇದಕ್ಕೆ ಕಾರಣವೇನೆಂದು ತಿಳಿಯಬೇಕಾದರೆ ಒಟ್ಟು ಅನಿಲವನ್ನು ಅಳೆದರೆ ಸಾಲದು. ಅದರಲ್ಲಿ ದಟ್ಟವಾದ ಭಾಗವೆಷ್ಟು ಎಂಬುದನ್ನೂ ಅಳೆಯಬೇಕು.

ಕಾರ್ಬನ್ ಮಾನಾಕ್ಸೈಡ್ ಒಂದು ಘನ ಸೆಂಟಿಮೀಟರಿಗೆ ಕೆಲವು ನೂರು ಅಣುಗಳಿರುವ ವಿರಳ ಅನಿಲದಲ್ಲಿಯೂ ಅಲೆಗಳನ್ನು ಸೂಸುತ್ತದೆ. ಹೈಡ್ರೋಜನ್ ಸಯನೈಡ್ ಅಣುವು 88.6 ಗಿಗಾಹರ್ಟ್ಸ್‌ನಲ್ಲಿ ಸೂಸುವ ಅಲೆಗಳು ಮುಖ್ಯವಾಗಿ ಹತ್ತಾರು ಸಾವಿರ ಅಥವಾ ಅದಕ್ಕೂ ಹೆಚ್ಚು ಅಣುಗಳಿರುವ ದಟ್ಟ ಅನಿಲದಿಂದ ಬರುತ್ತವೆ. ರೈತನ ಕಣಜದಲ್ಲಿರುವ ಒಟ್ಟು ಧಾನ್ಯದ ಲೆಕ್ಕವನ್ನು ಮೊದಲನೆಯ ಅಣು ನೀಡಿದರೆ, ಬಿತ್ತನೆಗೆಂದು ತೆಗೆದಿರಿಸಿದ ಬೀಜದ ಲೆಕ್ಕವನ್ನು ಎರಡನೆಯ ಅಣು ನೀಡುತ್ತದೆ. ಮುಂದಿನ ಬೆಳೆಯನ್ನು ನಿರ್ಧರಿಸುವುದು ಬೀಜವೇ. 2004ರಲ್ಲಿ ಯು ಗಾವೊ ಮತ್ತು ಫಿಲಿಪ್ ಸಾಲಮನ್ ಅವರು 65 ಗ್ಯಾಲಕ್ಸಿಗಳ ಮಾಹಿತಿಯನ್ನು ಪರಿಶೀಲಿಸಿ, ನಕ್ಷತ್ರಗಳು ಹುಟ್ಟುವ ವೇಗವು ಒಟ್ಟು ಅನಿಲಕ್ಕಿಂತ ದಟ್ಟ ಅನಿಲದ ಪ್ರಮಾಣಕ್ಕೆ ಹೆಚ್ಚು ನೇರವಾಗಿ ಹೊಂದಿಕೊಂಡಿದೆ ಎಂದು ತೋರಿಸಿದರು.

ಸಯನೈಡ್ ಅಣುವಿನ ಈ ಅಲೆಗಳು ಕಾರ್ಬನ್ ಮಾನಾಕ್ಸೈಡ್‌ನ ಅಲೆಗಳಿಗಿಂತ ಹಲವು ಪಟ್ಟು ಕ್ಷೀಣವಾಗಿರುವುದರಿಂದ ದೂರದ ಗ್ಯಾಲಕ್ಸಿಗಳಲ್ಲಿ ಇವುಗಳನ್ನು ಹಿಡಿಯಲು ಸ್ಪೇನ್ ದೇಶದ 30 ಮೀಟರ್ ದೂರದರ್ಶಕದಂತಹ ದೊಡ್ಡ ಉಪಕರಣಗಳು ಬೇಕಾಗುತ್ತವೆ. ಚಿಲಿ ದೇಶದಲ್ಲಿ ಸುಮಾರು 5,000 ಮೀಟರ್ ಎತ್ತರದಲ್ಲಿರುವ 66 ಆಂಟೆನಾಗಳ ಅಲ್ಮಾ ವ್ಯವಸ್ಥೆ ಇವುಗಳಲ್ಲಿ ಪ್ರಮುಖವಾದುದು. ಬೆಂಗಳೂರಿನ ಪುಟ್ಟ ದೂರದರ್ಶಕ ಇವುಗಳಿಗೆ ಸಾಟಿಯಲ್ಲ. ಆದರೆ ಮೇಲ್ಮೈಯ ನಿಖರತೆ, ಗ್ರಾಹಕದ ಸೂಕ್ಷ್ಮತೆ, ಗದ್ದಲದ ನಡುವೆ ಕ್ಷೀಣ ಸಂಕೇತವನ್ನು ಬೇರ್ಪಡಿಸುವ ತಾಳ್ಮೆ, ಇವೆಲ್ಲವೂ ಎರಡೂ ಕಡೆ ಒಂದೇ. ಆ ವಿದ್ಯೆಯನ್ನು ಈ ನೆಲದಲ್ಲಿ ಕಲಿಸಿದ್ದು ರಾಧಾಕೃಷ್ಣನ್ ಅವರ ಕೊಡುಗೆ.

ಇತರ ಕೊಡುಗೆಗಳು

1982ರಲ್ಲಿ ಸೆಕೆಂಡಿಗೆ 642 ಬಾರಿ ತಿರುಗುವ ಪಲ್ಸಾರ್ ಪತ್ತೆಯಾದಾಗ, ರಾಧಾಕೃಷ್ಣನ್ ಮತ್ತು ಅವರ ಸಹೋದ್ಯೋಗಿ ಜಿ. ಶ್ರೀನಿವಾಸನ್ ಅವರು ಇದು ಹಳೆಯ ನ್ಯೂಟ್ರಾನ್ ನಕ್ಷತ್ರವಾಗಿದ್ದು, ಜೊತೆಗಾರ ನಕ್ಷತ್ರದಿಂದ ವಸ್ತುವನ್ನು ಸೆಳೆದುಕೊಂಡು ಮರಳಿ ವೇಗ ಪಡೆದಿದೆ ಎಂಬ ವಿವರಣೆಯನ್ನು ಬೆಂಗಳೂರಿನಿಂದಲೇ ನೀಡಿದರು. ಈ ವಿವರಣೆಗೆ ಮುಂದೆ ವ್ಯಾಪಕ ಮಾನ್ಯತೆ ದೊರೆಯಿತು.

ಮಾರಿಷಸ್ ದ್ವೀಪದಲ್ಲಿ ಭಾರತೀಯ ಸಂಸ್ಥೆಗಳು ಮತ್ತು ಮಾರಿಷಸ್ ವಿಶ್ವವಿದ್ಯಾನಿಲಯ ಕೂಡಿ ನಿರ್ಮಿಸಿದ ದೂರದರ್ಶಕದಲ್ಲಿಯೂ, ಪುಣೆ ಜಿಲ್ಲೆಯಲ್ಲಿರುವ 45 ಮೀಟರ್ ವ್ಯಾಸದ 30 ಬೋಗುಣಿಗಳ ಬೃಹತ್ ದೂರದರ್ಶಕದಲ್ಲಿಯೂ ರಾಮನ್ ಸಂಶೋಧನಾ ಸಂಸ್ಥೆಯ ಪಾತ್ರವಿದೆ. ಪುಣೆಯ ದೂರದರ್ಶಕದಲ್ಲಿ 21 ಸೆಂಟಿಮೀಟರ್ ಅಲೆಗಳನ್ನು ಹಿಡಿಯುವ ಆಂಟೆನಾ ಭಾಗಗಳನ್ನು ಈ ಸಂಸ್ಥೆಯೇ ಒದಗಿಸಿತು. ರಾಧಾಕೃಷ್ಣನ್ ಅವರು ಗ್ಲೈಡರ್, ಹಗುರ ವಿಮಾನ ಹಾಗೂ ಹಾಯಿದೋಣಿಗಳ ವಿನ್ಯಾಸ ಮತ್ತು ನಿರ್ಮಾಣದಲ್ಲಿಯೂ ಪರಿಣತರಾಗಿದ್ದರು.

ಗೌರವ ಮತ್ತು ನಿಧನ

ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಉಪಾಧ್ಯಕ್ಷರಾಗಿ ಅವರು ಸೇವೆ ಸಲ್ಲಿಸಿದರು. ಸ್ವೀಡನ್ನಿನ ರಾಯಲ್ ವಿಜ್ಞಾನ ಅಕಾಡೆಮಿ ಹಾಗೂ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಅವರನ್ನು ವಿದೇಶಿ ಸದಸ್ಯರನ್ನಾಗಿ ಚುನಾಯಿಸಿ ಗೌರವಿಸಿದವು. ನಿರ್ದೇಶಕ ಹುದ್ದೆಯಿಂದ ನಿವೃತ್ತರಾದ ಬಳಿಕವೂ ಅವರು ಸಂಸ್ಥೆಯೊಡನೆ ನಂಟನ್ನು ಉಳಿಸಿಕೊಂಡಿದ್ದರು. 2011ರ ಮಾರ್ಚ್ 3ರಂದು, ತಮ್ಮ 81ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು.

ಮುಂದುವರಿದ ಪರಂಪರೆ

ಇಂದು ಬೆಂಗಳೂರಿನ ಹೊರವಲಯದ ತಂತ್ರಜ್ಞಾನ ವಲಯಗಳಲ್ಲಿ ಮೊಬೈಲ್ ಗೋಪುರ, ಯಂತ್ರ ಹಾಗೂ ಗಣಕಗಳು ಹೊರಡಿಸುವ ರೇಡಿಯೋ ಅಲೆಗಳಿಗೆ ಲೆಕ್ಕವಿಲ್ಲ. ನಾಗರಿಕ ಜೀವನಕ್ಕೆ ಅವು ಅವಶ್ಯಕ. ಆದರೆ ಆಕಾಶದ ಕ್ಷೀಣ ಸಂಕೇತವನ್ನು ಆಲಿಸುವವರು ನಿಶ್ಶಬ್ದ ತಾಣಗಳನ್ನು ಅರಸಿ ದೂರ ಸಾಗಬೇಕಾಗಿದೆ. ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಾವೇ ನಿರ್ಮಿಸಿದ ಸರಸ್ ಎಂಬ ಉಪಕರಣವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆ ಹಾಗೂ ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ಟು, ವಿಶ್ವದ ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಸಂಕೇತಕ್ಕಾಗಿ ಹುಡುಕಾಟ ನಡೆಸಿದರು. ಅವರ ಫಲಿತಾಂಶ 2022ರಲ್ಲಿ ಪ್ರಕಟವಾಗಿ ವಿಶ್ವದ ಗಮನ ಸೆಳೆಯಿತು.

ತಕ್ಷಣದ ಪ್ರಯೋಜನ ಕಾಣದ ವಿಷಯಕ್ಕೆ ಸಾರ್ವಜನಿಕ ಹಣ ಏಕೆ ಎಂಬ ಪ್ರಶ್ನೆ ಸಹಜವಾದುದು. ನಮ್ಮ ಸೂರ್ಯನೂ ಒಂದು ಕಾಲಕ್ಕೆ ಇಂತಹ ಅಣು ಮೇಘದಲ್ಲಿಯೇ ಜನಿಸಿದವನು. ಅವನ ಹುಟ್ಟನ್ನು ಅರಿಯುವ ಯತ್ನದಲ್ಲಿ ತಯಾರಾದ ತಂತ್ರಜ್ಞರೂ ವಿಜ್ಞಾನಿಗಳೂ ನಾಡಿನ ನಿಜವಾದ ಆಸ್ತಿ. ಸ್ವಂತ ಕೈಯಿಂದ ಉಪಕರಣ ನಿರ್ಮಿಸಿ, ತನ್ನದೇ ಪ್ರಶ್ನೆಗೆ ಉತ್ತರ ಹುಡುಕುವ ಧೈರ್ಯವನ್ನು ಯುವಜನರಲ್ಲಿ ಮೂಡಿಸಿದ ಪ್ರೊ. ರಾಧಾಕೃಷ್ಣನ್ ಅವರ ಬದುಕು ನಾಡಿನ ವಿದ್ಯಾರ್ಥಿಗಳಿಗೆ ಸದಾ ಅನುಕರಣೀಯ.

ಜೀವನದ ಪ್ರಮುಖ ಘಟ್ಟಗಳು

1929: ಮದ್ರಾಸಿನಲ್ಲಿ ಜನನ
1955-58: ಸ್ವೀಡನ್ನಿನಲ್ಲಿ ಸಂಶೋಧನೆ
1960: ಗುರು ಗ್ರಹದ ವಿಕಿರಣ ಪಟ್ಟಿಗಳ ಕುರಿತ ಪ್ರಬಂಧ
1969: ವೇಲಾ ಪಲ್ಸಾರ್ ಕುರಿತ ಶೋಧನೆಗಳು
1972: ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕ ಹುದ್ದೆ ಸ್ವೀಕಾರ
1982: ವೇಗ ಮರಳಿ ಪಡೆದ ಪಲ್ಸಾರ್‌ಗಳ ವಿವರಣೆ
1994: ನಿರ್ದೇಶಕ ಹುದ್ದೆಯಿಂದ ನಿವೃತ್ತಿ
2011: ಬೆಂಗಳೂರಿನಲ್ಲಿ ನಿಧನ